ಮೊದಲ ಮನೆ ಸರ್ವರ್: ಡಬ್ಬ ಆಮೇಲೆ, ಡಿಸ್ಕ್ ಮೊದಲು

ಮನೆಯಲ್ಲೇ ಒಂದು ಸಣ್ಣ ಸ್ಟೋರೇಜ್ ಸರ್ವರ್, ಅಂದರೆ ಮನೆಯ ಎಲ್ಲ ಕಂಪ್ಯೂಟರ್, ಫೋನುಗಳಿಗೂ ಫೈಲ್ ಸಿಗುವಂತೆ ಡಿಸ್ಕ್‌ಗಳನ್ನು ಕೂರಿಸಿದ ನ್ಯಾಸ್ ಅನ್ನುವ ಡಬ್ಬ, ಇಟ್ಟುಕೊಳ್ಳುವುದು ಹೇಗೆ ಅಂತ ಈ ಸಲ ಕಾಸರಗೋಡಿನ ನಾಲ್ಕೂ ಮೂಲೆಯಿಂದ ಪತ್ರ ಬಂದಿದೆ. ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಉಳಿದ ನಾಲ್ವರೂ ಅದನ್ನು ಓದಿಯೇ ಮುಂದೆ ಹೋಗಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ತಂದೆಯವರು ಕೂಡಿಟ್ಟ ತಾಳಮದ್ದಳೆಯ ಸುಮಾರು 300 ಕ್ಯಾಸೆಟ್‌ಗಳಿವೆ, ಹೆಚ್ಚಿನವು 90 ನಿಮಿಷದವು. ಯಕ್ಷಗಾನದ ಆಟ ಚಿತ್ರೀಕರಿಸಿದ 40 ಮಿನಿ ಡಿವಿ ಟೇಪುಗಳೂ ಇವೆ. ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಈಗ ಮೂರು ಯುಎಸ್‌ಬಿ ಡಿಸ್ಕ್‌ಗಳಲ್ಲಿ ಹರಡಿಕೊಂಡಿವೆ, ಯಾವುದು ಎಲ್ಲಿದೆ ಅಂತ ನನಗೇ ಸಿಗುವುದಿಲ್ಲ. ನ್ಯಾಸ್ ತೆಗೆದುಕೊಳ್ಳಿ ಅಂತ ಮಗ ಹೇಳುತ್ತಾನೆ. ಯಾವ ಪ್ರೊಸೆಸರ್ ಇರಬೇಕು, ರ್ಯಾಮ್ ಎಷ್ಟು ಬೇಕು? — ಓದುಗರು, ನೀರ್ಚಾಲು

ಉತ್ತರ: ಮಾಸ್ಟ್ರೇ, ಪ್ರೊಸೆಸರ್ ರ್ಯಾಮ್ ಎರಡೂ ಆಮೇಲೆ. ಮೊದಲು ನಿಮ್ಮ ಹತ್ತಿರ ಇರುವ ಸರಕು ಎಷ್ಟು ಅಂತ ಲೆಕ್ಕ ಹಾಕೋಣ, ಬಾಕಿ ಎಲ್ಲ ತೀರ್ಮಾನ ಆಗುವುದು ಅದರ ಮೇಲೆಯೇ. ಸಿಡಿಯ ಗುಣಮಟ್ಟದಲ್ಲಿ ಧ್ವನಿ ಇಳಿಸಿದರೆ ಒಂದು ಗಂಟೆಗೆ ಸುಮಾರು 635 ಎಂಬಿ ಬೇಕು. 300 ಕ್ಯಾಸೆಟ್, ತಲಾ ಒಂದೂವರೆ ಗಂಟೆ, ಒಟ್ಟು 450 ಗಂಟೆ. ಅದು ಸುಮಾರು 286 ಜಿಬಿ. ಫ್ಲ್ಯಾಕ್ ಅನ್ನುವ ಫೈಲ್ ರೂಪಕ್ಕೆ ತಿರುಗಿಸಿಟ್ಟರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಧ್ವನಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಎಂಪಿ3 ಮಾಡಿ ಹಂಚಿ, ತೊಂದರೆ ಇಲ್ಲ, ಆದರೆ ಎಂಪಿ3 ಇದೆ ಅಂತ ಮೂಲ ಫೈಲ್ ಅಳಿಸಬೇಡಿ. ಚೆಂಡೆಯ ಪೆಟ್ಟಿನ ಮೊನಚು ಮೊದಲು ಮಂಕಾಗುವುದು ಅಲ್ಲೇ. ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ ಹಿಡಿಯುತ್ತದೆ, ಒಂದೊಂದು ಟೇಪು ಒಂದು ಗಂಟೆಯದ್ದಾದರೆ ನಲವತ್ತಕ್ಕೆ 520 ಜಿಬಿ. ಮನೆಯವರ ಫೋನಿನ ಫೋಟೊ, ಮದುವೆ ವಿಡಿಯೊ ಅಂತ ಇನ್ನೊಂದು 400 ಜಿಬಿ ಸೇರಿಸಿದರೂ ಒಟ್ಟು 1.2 ಟಿಬಿ ಆಸುಪಾಸು.

ಅಂದರೆ ನಿಮಗೆ 4 ಟಿಬಿಯ ಎರಡು ಡಿಸ್ಕ್ ಸಾಕು, ಮುಂದಿನ ನಾಲ್ಕೈದು ವರ್ಷಕ್ಕೂ ಜಾಗ ಉಳಿಯುತ್ತದೆ. ಎರಡೂ ಸೇರಿ 8 ಟಿಬಿ ಆಗುವುದಿಲ್ಲ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ, ಇದಕ್ಕೆ ರೇಡ್ 1 ಅನ್ನುತ್ತಾರೆ. ಒಂದು ಡಿಸ್ಕ್ ಸತ್ತರೆ ಇನ್ನೊಂದರಿಂದ ಕೆಲಸ ನಡೆಯುತ್ತದೆ. 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಅಂತ ಕಾಣಿಸುತ್ತದೆ, ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಡಿಸ್ಕ್ ತಯಾರಿಸುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ, ಅಷ್ಟೇ.

ಈಗ ಡಿಸ್ಕ್ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಜಾತಿ. ಸಿಎಂಆರ್‌ನಲ್ಲಿ ಡೇಟಾದ ಸಾಲುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ಇರುತ್ತವೆ. ನಿಮ್ಮ ಮನೆಯ ಮಾಡು ಮಂಗಳೂರು ಹಂಚಿನದ್ದಾದರೆ ಎಸ್‌ಎಂಆರ್ ಅಂದರೇನು ಅಂತ ತಲೆ ಎತ್ತಿ ನೋಡಿದರೇ ಗೊತ್ತಾಗುತ್ತದೆ. ಒಂದು ಹಂಚಿನ ಅಂಚಿನ ಮೇಲೆ ಇನ್ನೊಂದು ಹಂಚು ಕೂತಿರುತ್ತದೆ ಅಲ್ವಾ, ಎಸ್‌ಎಂಆರ್ ಡಿಸ್ಕ್‌ನಲ್ಲಿ ಡೇಟಾದ ಸಾಲುಗಳು ಕೂತಿರುವುದೂ ಹಾಗೆಯೇ. ಒತ್ತೊತ್ತಾಗಿ ಕೂತಿದ್ದರಿಂದ ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ. ಆದರೆ ನಡುವಿನ ಒಂದು ಒಡೆದ ಹಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹಂಚುಗಳನ್ನೂ ಎತ್ತಿ ಮತ್ತೆ ಇಡಬೇಕು. ಈ ಡಿಸ್ಕ್ ಕೂಡ ಒಂದು ಸಾಲು ತಿದ್ದುವುದಕ್ಕೆ ಪಕ್ಕದ ಸಾಲುಗಳನ್ನೂ ಓದಿ ಮತ್ತೆ ಬರೆಯುತ್ತದೆ. ಒಮ್ಮೆ ತುಂಬಿ ಕಪಾಟಿನಲ್ಲಿ ಇಡುವುದಕ್ಕೆ ಅದು ಸಾಕು. ನ್ಯಾಸ್‌ನಲ್ಲಿ ಮಾತ್ರ, ಒಂದು ಡಿಸ್ಕ್ ಹಾಳಾಗಿ ಹೊಸದಕ್ಕೆ ಪೂರ್ತಿ ನಕಲು ಮಾಡುವ ದಿನ, ಸಿಎಂಆರ್ ಡಿಸ್ಕ್ ಏಳೆಂಟು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಇದು ದಿನಗಟ್ಟಲೆ ಎಳೆದಾಡಬಹುದು, ಮತ್ತು ನಿಮ್ಮ ಹತ್ತಿರ ಸರಿಯಾದ ಪ್ರತಿ ಒಂದೇ ಇರುವ ಹೊತ್ತು ಅದು.

2020ರಲ್ಲಿ ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕೆಲವು ಡಬ್ಲ್ಯುಡಿ ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಅಂತ ಹೊರಬಂದು ದೊಡ್ಡ ಗಲಾಟೆಯಾಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟಿತು. ಹಾಗಾಗಿ ಅಂಗಡಿಯಲ್ಲಿ ಬರೀ ‘ರೆಡ್ ಕೊಡಿ’ ಅನ್ನಬೇಡಿ, ‘ರೆಡ್ ಪ್ಲಸ್’ ಅನ್ನಿ. ಸೀಗೇಟ್ ಬೇಕಾದರೆ ಐರನ್‌ವುಲ್ಫ್ ಕೇಳಿ. ಎರಡಕ್ಕೂ ಮೂರು ವರ್ಷ ವಾರಂಟಿ ಇದೆ. ಡಿಸ್ಕ್‌ನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಸಿಗುತ್ತದಾ ಅಂತ ಹಣ ಕೊಡುವ ಮೊದಲೇ ನೋಡಿ. ಸಾಧ್ಯವಾದರೆ ಒಂದನ್ನು ಕಾಸರಗೋಡಿನಲ್ಲಿ, ಇನ್ನೊಂದನ್ನು ಮಂಗಳೂರಿನಲ್ಲಿ ತೆಗೆದುಕೊಳ್ಳಿ. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದ ಜೋಡಿ ಒಟ್ಟಿಗೇ ಕೈಕೊಡುವ ಸಂಭವ ಇದೆ. ತಂದ ಮೇಲೆ ಡೇಟಾ ತುಂಬುವ ಮೊದಲು ಡಿಸ್ಕ್ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಸ್ಮಾರ್ಟ್ ಪರೀಕ್ಷೆಯ ‘ಲಾಂಗ್ ಟೆಸ್ಟ್’ ಒಮ್ಮೆ ಓಡಿಸಿ. ಇಡೀ ರಾತ್ರಿ ಬೇಕಾಗಬಹುದು. ಅದರ ವರದಿಯಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಾಲುಗಳ ಕೊನೆಯಲ್ಲಿ ಸೊನ್ನೆ ಇರಬೇಕು. ಹೊಸ ಡಿಸ್ಕ್‌ನಲ್ಲೇ ಸೊನ್ನೆ ಅಲ್ಲದಿದ್ದರೆ ಹಿಂದೆ ಕೊಟ್ಟುಬಿಡಿ.

ಡಬ್ಬದ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಕೆಲಸ ಫೈಲ್ ಇಡುವುದು, ತೆಗೆಯುವುದು, ಟಿವಿಯಲ್ಲೋ ಫೋನಿನಲ್ಲೋ ಕೇಳುವುದು. ಇದಕ್ಕೆ ಸೈನಾಲಜಿ, ಕ್ಯೂನ್ಯಾಪ್, ಅಸಸ್ಟರ್ ಯಾವುದರಲ್ಲಾದರೂ ಎರಡು ಡಿಸ್ಕ್ ಹಾಕುವ ಸಣ್ಣ ಮಾದರಿ ಸಾಕು, ಫೋನಿನಲ್ಲಿ ಇರುವಂಥ ಎಆರ್‌ಎಂ ಪ್ರೊಸೆಸರ್ ಇದ್ದರೂ ಸರಿ, 2 ಜಿಬಿ ರ್ಯಾಮ್ ಆದರೂ ಸರಿ. ಇಂಟೆಲ್ ಪ್ರೊಸೆಸರ್ ಬೇಕಾಗುವುದು ಜೆಲ್ಲಿಫಿನ್‌ನಂಥ ವಿಡಿಯೊ ಪ್ರೋಗ್ರಾಮ್ ಹಾಕಿ, ದೊಡ್ಡ ವಿಡಿಯೊವನ್ನು ಆ ಕ್ಷಣದಲ್ಲೇ ಬೇರೆ ರೂಪಕ್ಕೆ ತಿರುಗಿಸಿ ಫೋನಿಗೆ ಕಳಿಸಬೇಕು ಅನ್ನುವವರಿಗೆ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಕೊಳ್ಳುವ ಮೊದಲು ಆ ಮಾದರಿಗೆ ನಿಮ್ಮ ಡಿಸ್ಕ್ ಒಗ್ಗುತ್ತದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ. ಡಬ್ಬದಲ್ಲಿ ಉಳಿಸಿದ ಹಣದಲ್ಲಿ ಮೂರನೆಯ ಡಿಸ್ಕ್ ಒಂದು ತೆಗೆದುಕೊಳ್ಳಿ, ಅದು ಮನೆಯಲ್ಲಿ ಇರಬಾರದು. ಮಗಳ ಮನೆಯಲ್ಲಿ, ತಂಗಿಯ ಮನೆಯಲ್ಲಿ, ಎಲ್ಲಾದರೂ ಸರಿ, ಬೇರೆ ಮಾಡಿನ ಕೆಳಗೆ ಇರಬೇಕು. ತಿಂಗಳಿಗೊಮ್ಮೆ ತಂದು ಹೊಸದನ್ನೆಲ್ಲ ಸೇರಿಸಿ ವಾಪಸ್ ಕಳಿಸಿ. ಪೀಟರ್ ಕ್ರೋ ಅನ್ನುವ ಛಾಯಾಗ್ರಾಹಕರಿಂದ ಹೆಸರಾದ 3-2-1 ಲೆಕ್ಕ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ. ರೇಡ್ 1ರ ಎರಡು ಡಿಸ್ಕ್‌ಗಳನ್ನು ಒಂದೇ ಪ್ರತಿ ಅಂತ ಎಣಿಸಿ. ಯಾಕಂದರೆ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡರಿಂದಲೂ ಅದೇ ಕ್ಷಣಕ್ಕೆ ಅಳಿಯುತ್ತದೆ. ಈಗಿನ ಯುಎಸ್‌ಬಿ ಡಿಸ್ಕ್‌ಗಳಲ್ಲಿ ಇರುವುದನ್ನು ಅಳಿಸದೆ ಉಳಿಸಿಕೊಂಡರೆ ಮೂರು ಪ್ರತಿಯ ಲೆಕ್ಕ ಸರಿಯಾಗುತ್ತದೆ.

ಫೈಲಿನ ಹೆಸರಿನ ಬಗ್ಗೆಯೂ ಒಂದು ಮಾತು. ಕನ್ನಡದಲ್ಲೇ ಹೆಸರಿಡಿ, ಏನೂ ತೊಂದರೆ ಇಲ್ಲ. ಆದರೆ ಈ ಡಬ್ಬಗಳು ಒಂದು ಹೆಸರಿಗೆ 255 ಬೈಟ್ ಜಾಗ ಕೊಡುತ್ತವೆ, ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ್ದಕ್ಕೆ ಮೂರು ಬೇಕು, ಅದೂ ಒತ್ತು, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತದೆ. ‘ಯಕ್ಷಗಾನ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ 21 ಬೈಟ್. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಕು ಎಲ್ಲ ಒಂದೇ ಹೆಸರಿನಲ್ಲಿ ತುಂಬಲು ಹೋದರೆ ನಡುವೆಯೇ ‘ಹೆಸರು ಉದ್ದವಾಯಿತು’ ಅಂತ ಕಾಪಿ ನಿಲ್ಲುತ್ತದೆ. ಫೋಲ್ಡರಿಗೆ ಬೀಗ ಹಾಕಿ ಗುಪ್ತವಾಗಿಡುವ ಸೌಲಭ್ಯ ಬಳಸಿದರೆ ಕೆಲವು ಡಬ್ಬಗಳಲ್ಲಿ ಈ ಜಾಗ 143 ಬೈಟಿಗೆ ಇಳಿಯುತ್ತದೆ. ವರ್ಷ, ಪ್ರಸಂಗ, ಊರು, ಇಷ್ಟು ಹೆಸರಿನಲ್ಲಿ ಸಾಕು. ಯಾರು ಯಾವ ಅರ್ಥ ಹೇಳಿದರು ಅನ್ನುವುದನ್ನು ಅದೇ ಫೋಲ್ಡರಿನಲ್ಲಿ ಒಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಕ್ಯಾಸೆಟ್ ಕವರಿನ ಮೇಲೆ ತಂದೆಯವರು ಪೆನ್ನಿನಲ್ಲಿ ಬರೆದದ್ದು ಇದ್ದರೆ ಅದರ ಫೋಟೊವನ್ನೂ ಜೊತೆಗೆ ಹಾಕಿ. ಧ್ವನಿಯಷ್ಟೇ ಬೆಲೆ ಆ ಕೈಬರಹಕ್ಕೂ ಇದೆ.

ಪ್ರಶ್ನೆ: ಮನೆಯಲ್ಲಿ ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದೆ. ಅದನ್ನೇ ನ್ಯಾಸ್ ಮಾಡಬಹುದಾ? ದುಡ್ಡು ಕಡಿಮೆ ಇದೆ. — ಕಾಲೇಜು ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಖಂಡಿತ ಮಾಡಬಹುದು, ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಓಪನ್‌ಮೀಡಿಯಾವಾಲ್ಟ್ ಅನ್ನುವ ನ್ಯಾಸ್ ತಂತ್ರಾಂಶ ಹಾಕಿ, ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದು, ಉಚಿತ, ಕಡಿಮೆ ರ್ಯಾಮ್‌ನಲ್ಲೂ ಓಡುತ್ತದೆ. ಅಂಥದ್ದೇ ಇನ್ನೊಂದು, ಟ್ರೂನ್ಯಾಸ್, ಹಾಕುವ ಮನಸ್ಸಿದ್ದರೆ ಕನಿಷ್ಠ 8 ಜಿಬಿ ರ್ಯಾಮ್ ಬೇಕು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ್ಯಾಮ್ ಇಲ್ಲದೆ ಆಗುವುದೇ ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಇದ್ದರೆ ಒಳ್ಳೆಯದು, ಮೊದಲ ಮನೆ ಸರ್ವರಿಗೆ ಅದಕ್ಕಾಗಿ ಹೊಸ ಬೋರ್ಡ್ ಕೊಳ್ಳಬೇಡಿ.

ಆದರೆ ಕರೆಂಟಿನ ಲೆಕ್ಕ ನೋಡಿ. ಹಳೆಯ ಡೆಸ್ಕ್‌ಟಾಪ್ 70 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ನಮಗೆ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ, 60 ದಿನ ಹಗಲೂ ರಾತ್ರಿ ಓಡಿದರೆ 100 ಯೂನಿಟ್ ದಾಟುತ್ತದೆ. 20 ವ್ಯಾಟ್‌ನ ಸಣ್ಣ ನ್ಯಾಸ್ ಅಷ್ಟೇ ದಿನಕ್ಕೆ 29 ಯೂನಿಟ್. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗೆ ಮಾತ್ರ ಅಲ್ಲ, ಮೊದಲ ಯೂನಿಟ್‌ನಿಂದಲೇ ಪೂರ್ತಿ ದರ ಬೀಳುತ್ತದೆ. ನಿಮ್ಮ ಮನೆಯ ಬಿಲ್ ಈಗಾಗಲೇ ಆ ಗಡಿಯ ಹತ್ತಿರ ಇದ್ದರೆ ‘ಬಿಟ್ಟಿ’ ಸಿಕ್ಕಿದ ಡೆಸ್ಕ್‌ಟಾಪೇ ದುಬಾರಿಯಾದೀತು. ಕಾಪಿ ಮಾಡುವಾಗ ಮಾತ್ರ ಆನ್ ಮಾಡಿ, ಉಳಿದ ಹೊತ್ತು ಆಫ್ ಇಡಿ. ಹಾಗೆ ಮಾಡಿದರೆ ಈ ಚಿಂತೆಯೇ ಇಲ್ಲ.

ಮತ್ತೆ, ಹಳೆಯ ಕಂಪ್ಯೂಟರಿನ ಹಳೆಯ ಡಿಸ್ಕ್ ಮಾತ್ರ ಬೇಡ. ಪವರ್ ಸಪ್ಲೈ ಕೂಡ ಹತ್ತು ವರ್ಷ ಹಳೆಯದಾಗಿದ್ದರೆ ಬದಲಿಸಿ. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ ಸುಸ್ತಾದ ಸಪ್ಲೈ ತಡೆಯುವುದಿಲ್ಲ, ಡಿಸ್ಕ್ ಹಾಳಾಯಿತು ಅಂತ ಅನಿಸುತ್ತದೆ, ತಪ್ಪು ಸಪ್ಲೈಯದ್ದು. ಮುಂದೆ ಕೈಯಲ್ಲಿ ದುಡ್ಡು ಬಂದಾಗ ಇಂಟೆಲ್ ಎನ್100 ಇರುವ ಸಣ್ಣ ಬೋರ್ಡ್ ನೋಡಿ. 2023ರಲ್ಲಿ ಬಂದ ಈ ಪ್ರೊಸೆಸರಿಗೆ ನಾಲ್ಕು ಕೋರ್, 6 ವ್ಯಾಟ್ ಲೆಕ್ಕದ್ದು. ಕೊಳ್ಳುವಾಗ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಕಿಂಡಿ ಎಷ್ಟು ಇದೆ ಅಂತ ಎಣಿಸಿ, ಒಂದೇ ಇರುವ ಬೋರ್ಡ್‌ಗಳೂ ಇವೆ. ಡಿಸ್ಕ್ ಮಾತ್ರ ಇದೇ ಮುಂದುವರಿಯುತ್ತದೆ, ಅದಕ್ಕೇ ಮೊದಲು ಡಿಸ್ಕ್‌ಗೆ ದುಡ್ಡು ಹಾಕಿ ಅಂತ ಹೇಳುವುದು.

ಪ್ರಶ್ನೆ: ನಮ್ಮಲ್ಲಿ ಸಿಡಿಲು ವಿಪರೀತ. ಪ್ರತಿ ವರ್ಷ ಏನಾದರೊಂದು ಸುಡುತ್ತದೆ. ಒಳ್ಳೆಯ ಸ್ಪೈಕ್ ಗಾರ್ಡ್ ಹಾಕಿದರೆ ನ್ಯಾಸ್ ಉಳಿಯುತ್ತದಾ? ಮನೆಯಲ್ಲಿ ಇನ್ವರ್ಟರ್ ಇದೆ, ಬೇರೆ ಯುಪಿಎಸ್ ಬೇಕಾ? — ಓದುಗರು, ಆದೂರು

ಉತ್ತರ: ಉಳಿಯುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ದೀಪಾವಳಿ ಹತ್ತಿರದ ಒಂದು ಸಂಜೆ, ಅಡಿಕೆ ಅಂಗಳದಲ್ಲಿ ಇತ್ತು, ಮೂಡು ದಿಕ್ಕಿನಲ್ಲಿ ಕಪ್ಪಾಗುತ್ತಿತ್ತು. ಮೊದಲ ಗುಡುಗಿಗೇ ಓಡಿ ಹೋಗಿ ನ್ಯಾಸ್‌ನ ಪ್ಲಗ್ ಕಿತ್ತೆ, ರೌಟರಿನದ್ದೂ ಕಿತ್ತೆ. ಇನ್ನೇನು ಭಯವಿಲ್ಲ ಅಂತ ಅಡಿಕೆ ಮುಚ್ಚಲು ಹೋದೆ. ಮುಖ್ಯ ಮನೆಯಿಂದ ಅಂಗಳದಾಚೆಯ ಹಳೆ ಮನೆಗೆ ಎಳೆದ ಲ್ಯಾನ್ ಕೇಬಲ್ ಮಾತ್ರ ನ್ಯಾಸ್‌ನ ಬೆನ್ನಿಗೆ ಹಾಗೆಯೇ ಇತ್ತು. ಸಿಡಿಲು ಮನೆಗೆ ಹೊಡೆಯಲಿಲ್ಲ, ತೋಟದ ಒಂದು ತೆಂಗಿಗೆ ಹೊಡೆಯಿತು. ಒಳಗೆ ಬಂದು ನೋಡಿದರೆ ಸುಟ್ಟ ಪ್ಲಾಸ್ಟಿಕ್ ವಾಸನೆ, ಕೇಬಲ್ ಕಿಂಡಿಯ ಸುತ್ತ ಬೆರಳಗಲದ ಕಪ್ಪು ಕಲೆ. ಡಬ್ಬ ಹೋಯಿತು, ಒಳಗಿದ್ದ ಎರಡೂ ಡಿಸ್ಕ್ ಹೋದವು, ರೇಡ್ 1 ಇದ್ದೇನು ಬಂತು. ಉಪ್ಪಳದಲ್ಲಿ ಅಕ್ಕನ ಮನೆಯ ಕಪಾಟಿನಲ್ಲಿ ಒಂದು ಡಿಸ್ಕ್ ಇಟ್ಟಿದ್ದೆ. ಅದರಲ್ಲಿ ಐದು ವಾರ ಹಿಂದಿನ ತನಕದ್ದೆಲ್ಲ ಇತ್ತು. ಆ ಐದು ವಾರದಲ್ಲಿ ತೆಗೆದದ್ದು ಹೋಯಿತು. ಅದರಲ್ಲಿ ಅಜ್ಜಿ ಹಳೆಯ ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಹೇಳಿದ ಎರಡು ವಿಡಿಯೊ ಇದ್ದವು, ಆ ಮಳೆಗಾಲ ಕಳೆದ ಮೇಲೆ ಅಜ್ಜಿ ಹಾಡಲಿಲ್ಲ.

ಹಾಗಾಗಿ, ಗುಡುಗು ಕೇಳಿದರೆ ಕರೆಂಟಿನ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತು ಒಂದು ಮೊಳ ದೂರ ಇಡಿ. ಸಿಡಿಲು ಹತ್ತಿರ ಬಂದಾಗಿದ್ದರೆ ಕೀಳಲು ಹೋಗಬೇಡಿ, ಜೀವಕ್ಕಿಂತ ಡಿಸ್ಕ್ ಹೆಚ್ಚಲ್ಲ. ಏಪ್ರಿಲ್ ಮೇ ಮತ್ತು ಅಕ್ಟೋಬರ್ ನವೆಂಬರ್ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೊರಡುವಾಗಲೇ ನ್ಯಾಸ್ ಆಫ್ ಮಾಡಿ ಕೀಳಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆಯಲೇಬೇಡಿ. ಎರಡು ತುದಿಗೂ ತಾಮ್ರದ ಕೇಬಲನ್ನು ಫೈಬರಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟು ನಡುವೆ ಫೈಬರ್ ಹಾಕಿಸಿ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕಬ್ಬಿಣದ ಸರಿಗೆ ಇರುವ ಫೈಬರ್ ಬೇಡ, ಸರಿಗೆ ಇಲ್ಲದ್ದನ್ನು ಕೇಳಿ. ಅರ್ತಿಂಗ್ ಕೂಡ ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಸ್ಪೈಕ್ ಗಾರ್ಡ್ ಹಾಕಿ, ದಿನನಿತ್ಯದ ಸಣ್ಣ ಏರುಪೇರಿಗೆ ಅದು ಬೇಕು. ಆದರೆ ಅದು ಕೂಡ ಕೆಲಸ ಮಾಡುವುದು ಅರ್ತಿಂಗ್ ಸರಿ ಇದ್ದರೆ.

ಇನ್ವರ್ಟರ್ ಇದ್ದರೂ ಒಂದು 600 ವಿಎ ಯುಪಿಎಸ್ ತೆಗೆದುಕೊಳ್ಳಿ, ಹಿಂದೆ ಡೇಟಾ ಕೊಡುವ ಯುಎಸ್‌ಬಿ ಕಿಂಡಿ ಇರುವಂಥದ್ದು. ಇನ್ವರ್ಟರ್ ಬ್ಯಾಟರಿ ಮುಗಿಯುತ್ತಾ ಬಂತು ಅಂತ ನ್ಯಾಸ್‌ಗೆ ತಿಳಿಯುವುದಿಲ್ಲ, ಬರೆಯುತ್ತಿರುವಾಗಲೇ ಸತ್ತುಹೋಗುತ್ತದೆ. ಆ ಯುಎಸ್‌ಬಿ ತಂತಿ ಇದ್ದರೆ ಯುಪಿಎಸ್ ಹೇಳುತ್ತದೆ, ನ್ಯಾಸ್ ತಾನೇ ಫೈಲ್ ಮುಚ್ಚಿ ಆಫ್ ಆಗುತ್ತದೆ. ಅಂಗಡಿಯಲ್ಲಿ ಯುಪಿಎಸ್ ತಿರುಗಿಸಿ ಆ ಕಿಂಡಿ ಕಣ್ಣಾರೆ ನೋಡಿಯೇ ತನ್ನಿ. ಇಡುವ ಜಾಗ ನೆಲದಿಂದ ಎತ್ತರ ಇರಲಿ, ಗೋಡೆಗೆ ಅಂಟಿಸಬೇಡಿ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬೆಚ್ಚಗಿನ ಡಬ್ಬ ಹುಡುಕಿಕೊಂಡು ಇರುವೆ, ಹಲ್ಲಿ ಎರಡೂ ಬರುತ್ತವೆ. ಗಾಳಿಯಾಡದ ಕಪಾಟಿನಲ್ಲೂ ಬೇಡ. ಡಿಸ್ಕ್‌ನ ಬಿಸಿ 45 ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಇದ್ದಾಳೆ. ನಮ್ಮ ಮನೆಯ ನ್ಯಾಸ್‌ನಲ್ಲಿರುವ ಫೋಟೊ ಅವಳಿಗೆ ಅಲ್ಲಿಂದಲೇ ಕಾಣಬೇಕು. ರೌಟರಿನಲ್ಲಿ ಪೋರ್ಟ್ ತೆರೆದುಕೊಡುತ್ತೇನೆ ಅಂತ ಇಂಟರ್‌ನೆಟ್ ಹುಡುಗ ಹೇಳುತ್ತಾನೆ. ತೆರೆಸಬಹುದಾ? — ಗೃಹಿಣಿ, ಮಂಜೇಶ್ವರ

ಉತ್ತರ: ಬೇಡ ಅಕ್ಕ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ದುಷ್ಟ ಪ್ರೋಗ್ರಾಮ್ ಹೀಗೆ ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಟ್ಟ ನ್ಯಾಸ್‌ಗಳಿಗೇ ನುಗ್ಗಿ, ಒಳಗಿನ ಫೈಲ್‌ಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಜಗತ್ತಿನಲ್ಲಿ ಸಾವಿರಾರು ಮನೆಗಳು ಸಿಕ್ಕಿಬಿದ್ದವು. ಪೋರ್ಟ್ ತೆರೆಯುವುದು ಅಂದರೆ ಎದುರು ಬಾಗಿಲು ಹಗಲೂ ರಾತ್ರಿ ತೆರೆದಿಟ್ಟ ಹಾಗೆ. ರೌಟರಿನಲ್ಲಿ ಯುಪಿಎನ್‌ಪಿ ಅನ್ನುವುದನ್ನೂ ಆಫ್ ಮಾಡಿಸಿ, ಅದು ಕೇಳದೆಯೇ ಬಾಗಿಲು ತೆರೆಯುತ್ತದೆ.

ಟೇಲ್‌ಸ್ಕೇಲ್ ಅಂತ ಒಂದು ಆ್ಯಪ್ ಇದೆ. ನ್ಯಾಸ್‌ನಲ್ಲಿ ಒಂದು, ಮಗಳ ಫೋನಿನಲ್ಲಿ ಒಂದು, ನಿಮ್ಮದರಲ್ಲಿ ಒಂದು ಹಾಕಿ, ಒಂದೇ ಖಾತೆಯಲ್ಲಿ ಸೇರಿಸಿದರೆ ಮೂರೂ ಒಂದೇ ಮನೆಯೊಳಗೆ ಇದ್ದ ಹಾಗೆ ಮಾತಾಡಿಕೊಳ್ಳುತ್ತವೆ, ಹೊರಗಿನವರಿಗೆ ಬಾಗಿಲೇ ಕಾಣುವುದಿಲ್ಲ. ಮನೆ ಮನೆಗೆ ಬೇರೆ ಐಪಿ ವಿಳಾಸ ಕೊಡದ ಇಂಟರ್‌ನೆಟ್ ಆದರೂ ಇದು ನಡೆಯುತ್ತದೆ. ಹಾಗಾಗಿ ಡಬ್ಬ ಕೊಳ್ಳುವಾಗ ಇದನ್ನು ಹಾಕಲು ಬರುತ್ತದಾ ಅಂತ ಕೇಳಿ, ಹೆಸರುವಾಸಿ ಮಾದರಿಗಳಲ್ಲಿ ಬರುತ್ತದೆ. ಸ್ನ್ಯಾಪ್‌ಶಾಟ್ ಸೌಲಭ್ಯ ಇದೆಯಾ ಅಂತಲೂ ಕೇಳಿ. ಅದು ಇದ್ದರೆ ನಿನ್ನೆ ಅಳಿಸಿದ ಫೋಟೊವನ್ನು ಇವತ್ತು ವಾಪಸ್ ತೆಗೆಯಬಹುದು. ಮಗಳ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೆ ಬೇರೆ ಅಡಾಪ್ಟರಿನಿಂದ ಕರೆಂಟು ಪಡೆಯುವ ಒಂದು ಯುಎಸ್‌ಬಿ ಡಿಸ್ಕ್ ಇಟ್ಟರೆ ಇನ್ನೂ ಒಳ್ಳೆಯದು. ರಾತ್ರಿ ಹೊತ್ತು ನಿಮ್ಮ ನ್ಯಾಸ್ ಹೊಸ ಫೋಟೊಗಳನ್ನು ಅಲ್ಲಿಗೆ ಕಳಿಸುತ್ತದೆ. ಮೊದಲ ಸಲದ ದೊಡ್ಡ ರಾಶಿಯನ್ನು ಮಾತ್ರ ಅವಳು ಊರಿಗೆ ಬಂದಾಗಲೇ ಡಿಸ್ಕ್‌ಗೆ ತುಂಬಿ ಕಳಿಸಿಕೊಡಿ.

ಪ್ರಶ್ನೆ: ಹೊಸ ನ್ಯಾಸ್ ತಂದೆ. ಕಾಪಿ ಮಾಡುವಾಗ ಸೆಕೆಂಡಿಗೆ 11 ಎಂಬಿಗಿಂತ ಮೇಲೆ ಹೋಗುವುದೇ ಇಲ್ಲ. ಡಿಸ್ಕ್ ಕೆಟ್ಟದ್ದಾ? — ಓದುಗರು, ಕುಂಬಳೆ

ಉತ್ತರ: ಡಿಸ್ಕ್ ಚೆನ್ನಾಗಿಯೇ ಇದೆ. 11ಕ್ಕೆ ಗಟ್ಟಿಯಾಗಿ ನಿಂತರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಎಂಬಿ ಲೆಕ್ಕದಲ್ಲಿ 12ರ ಆಸುಪಾಸಿನ ಗಂಟು ಇದೆ ಅಂತಲೇ ಅರ್ಥ. ಅದರ ಹತ್ತು ಪಟ್ಟಿನ ಗಿಗಾಬಿಟ್ ಸಿಕ್ಕಿದರೆ 110 ಎಂಬಿಯ ತನಕ ಬರುತ್ತದೆ. ಮೊದಲ ಪತ್ರದ ಮಾಸ್ಟ್ರ 1.2 ಟಿಬಿ ಕಾಪಿ ಮಾಡಲು ಅಲ್ಲಿ ಮೂರು ಗಂಟೆ, ನಿಮಗೆ ಈಗ ಮೂವತ್ತು ಗಂಟೆ. ಇಂಟರ್‌ನೆಟ್‌ನವರು ಕೊಟ್ಟ ಕೆಲವು ರೌಟರ್‌ಗಳಲ್ಲಿ ಒಂದೇ ಕಿಂಡಿ ಗಿಗಾಬಿಟ್, ಉಳಿದವು 100ರವು. ಹಾಗಿದ್ದರೆ ಐದು ಕಿಂಡಿಯ ಒಂದು ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ತಂದು ಕಂಪ್ಯೂಟರ್, ನ್ಯಾಸ್ ಎರಡನ್ನೂ ಅದಕ್ಕೆ ಸಿಕ್ಕಿಸಿ, ಸಾಕು. ಅದಕ್ಕಿಂತ ಮೊದಲು ಕೇಬಲ್ ನೋಡಿ. ಲ್ಯಾನ್ ಕೇಬಲಿನೊಳಗೆ ಎಂಟು ತಂತಿ ಇವೆ, ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ಸಡಿಲವಾದರೂ ವೇಗ 100ಕ್ಕೆ ಇಳಿಯಬಹುದು. ಅಗ್ಗದ ಕೇಬಲಿನಲ್ಲಿ ತಾಮ್ರದ ಬದಲು ತಾಮ್ರ ಬಳಿದ ಅಲ್ಯೂಮಿನಿಯಂ ಇರುತ್ತದೆ, ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 5ಇ ಕೇಬಲ್ ಒಂದೆರಡು ಮೀಟರ್ ತಂದು ಬದಲಿಸಿ ನೋಡಿ. ಎಷ್ಟಕ್ಕೆ ಏರಿತು ಅಂತ ಬರೆಯಿರಿ.